ಎರಡು ಬೆರಳು ಮಳೆ

ಭಾನುಪ್ರಿಯಾ ಕೂತಲ್ಲಿ ಕೂರುವ ಜಾಯಮಾನದವಳೇ ಅಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಇಳಿಯುವ ಸ್ಟಾಪಿಗೆ ಬಹಳ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತುಬಿಡುತ್ತಾಳೆ. ಹಾಲು ಕಾಯುವವರೆಗೆ ಒಲೆಯ ಮುಂದೆ ನಿಲ್ಲಲಾರದೆ ಬಟ್ಟೆ ಒಣಹಾಕಲು ಹೋಗಿ, ಹಾಲು ಉಕ್ಕಿಸಿ, ಅತ್ತೆಯಿಂದ ಅನ್ನಿಸಿಕೊಂಡು, ಮಾರನೇ ದಿನ ಮತ್ತೆ ಅದನ್ನೇ ಮಾಡುತ್ತಾಳೆ. ಮಂಡಿ ಮೊಹಲ್ಲಾದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಗಂಡ ಪ್ರಸನ್ನ, "ನಿನ್ ಕಾಲಿಗೆ ಯಾರೋ ಚಕ್ರ ಕಟ್ಬುಟ್ಟವ್ರೆ ಕಣೇ" ಎಂದು ನಗುತ್ತಾನೆ. ಇಂಥವಳ ಪಾಲಿಗೆ ಆ ವರ್ಷ ಅಂಥದೇ ಒಂದು ಆಷಾಢ ಬಂತು. ಬೆಳಗಿನಿಂದ ಸಂಜೆಯವರೆಗೆ ಗಾಳಿ. ಬಾಗಿಲು ಬಡಿಯುತ್ತದೆ, ಧೂಳು ಏಳುತ್ತದೆ, ತಲೆಯ ಮೇಲೆ ಕಪ್ಪು ಮೋಡ ದಂಡಿಯಾಗಿ ಬರುತ್ತದೆ, ಒಂದು ಹನಿ ಉದುರಿಸದೆ ಚಾಮುಂಡಿ ಬೆಟ್ಟ ದಾಟಿ ಹೋಗುತ್ತದೆ.

ಮಳೆ ಬಾರದಿದ್ದರೆ ಊರಿನವರಿಗೆಲ್ಲ ಚಿಂತೆ ಇರುತ್ತದೆ, ನಿಜ. ಆದರೆ ಭಾನುಪ್ರಿಯಾಳ ಚಿಂತೆಯೇ ಬೇರೆ. ಅವಳಿಗೆ ಬೇಕಾಗಿದ್ದದ್ದು ಒಂದು ಪ್ಲಾಸ್ಟಿಕ್ ಬಾಟಲಿಯ ತಳ ಮುಚ್ಚುವಷ್ಟು ಮಳೆ. ಅದೂ ತಾನು ಆ ಶಾಲೆಯಿಂದ ಹೊರಬೀಳುವುದರೊಳಗೆ.

ಶಾಲೆ ಇರುವುದು ಮೇಟಗಳ್ಳಿಯ ಕಾರ್ಖಾನೆಗಳ ಹಿಂಬದಿಯ ಒಂದು ಬಡಾವಣೆಯಲ್ಲಿ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಅಲ್ಲಿ ಅವಳು ಅತಿಥಿ ಶಿಕ್ಷಕಿ. ಆ ಹೆಸರು ಇಟ್ಟವರಿಗೆ ದೊಡ್ಡ ನಮಸ್ಕಾರ. ಮನೆಗೆ ಬಂದ ಅತಿಥಿಗೆ ನಾವು ಚಾಪೆ ಹಾಸಿ, ಕುಡಿಯಲು ಏನಾದರೂ ಕೊಟ್ಟು ಕೂರಿಸುತ್ತೇವೆ. ಈ ಅತಿಥಿ ಮಾತ್ರ ತಾನೇ ಚಾಪೆ ಹಾಸಬೇಕು. ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನೆಲ್ಲ ಒಂದೇ ನಲಿಕಲಿ ಕೋಣೆಯಲ್ಲಿ ಕೂರಿಸಿಕೊಂಡು ಮೂಗು ಒರೆಸಬೇಕು, ಅಕ್ಷರ ತಿದ್ದಿಸಬೇಕು, ಜಗಳ ಬಿಡಿಸಬೇಕು. ಕಾಯಂ ಮೇಷ್ಟರು ವರ್ಗವಾಗಿ ಬಂದ ದಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಡಬೇಕು.

ಹಾಗೆ ಹೊರಟದ್ದು ಒಮ್ಮೆ ಆಗಿತ್ತು. ಇಲವಾಲದ ಕಡೆಯ ಒಂದು ಶಾಲೆಯಲ್ಲಿ ಮಕ್ಕಳು ಕಾಗುಣಿತದ ಅರ್ಧದಲ್ಲಿದ್ದಾಗ ಕಾಯಂ ಟೀಚರು ಬಂದರು. ಭಾನುಪ್ರಿಯಾ ಮಧ್ಯಾಹ್ನದ ಬಸ್ಸಿಗೆ ಹೊರಟಾಗ ಮಕ್ಕಳು ಊಟಕ್ಕೆ ಕೂತಿದ್ದರು. ಯಾರಿಗೂ ಹೇಳಿಬರಲು ಬಾಯಿ ಬರಲಿಲ್ಲ. ಆ ಬೇಸರ ಇನ್ನೂ ಅವಳ ಎದೆಯಿಂದ ಹೋಗಿಲ್ಲ. ಅಪ್ಪ ಬೆಟ್ಟಯ್ಯ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲಾರಿಗೆ ಲೋಡು ಹಾಕಿ ಬೆನ್ನು ಸವೆಸಿದವನು. "ನನ್ ಮಗ್ಳು ಟೀಚರು" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ. ಟೀಚರಿಗೆ ಮೊದಲು ಬರಬೇಕಾದ "ಅತಿಥಿ" ಅನ್ನುವ ಮಾತನ್ನು ಮಾತ್ರ ಟೀ ಜೊತೆ ನುಂಗಿಬಿಡುತ್ತಾನೆ.

ಈ ಶಾಲೆಯಲ್ಲಿ ಅವಳಿಗೆ ಹವಾಮಾನದ ಹುಚ್ಚು ಹಿಡಿದದ್ದು ಲಿಖಿತ್‌ನಿಂದ. ನಲಿಕಲಿ ಕೋಣೆಯ ಗೋಡೆಯ ಮೇಲೆ ಹವಾಮಾನ ನಕ್ಷೆ ಅಂತ ಒಂದು ಚಾರ್ಟು ಇರುತ್ತದೆ. ಮಕ್ಕಳು ಬೆಳಿಗ್ಗೆ ಬಂದು ಆ ದಿನ ಬಿಸಿಲೋ, ಮೋಡವೋ, ಗಾಳಿಯೋ, ಮಳೆಯೋ ನೋಡಿ ಅದರದೊಂದು ಮನೆಗೆ ಬಣ್ಣ ಬಳಿಯಬೇಕು. ಮೂರನೇ ತರಗತಿಯ ಲಿಖಿತ್ ಜೂನ್ ತಿಂಗಳ ಒಂದು ದಿನ ಮೋಡ ಮುಸುಕಿ ದೀಪ ಹಾಕುವಷ್ಟು ಕತ್ತಲೆಯಾಗಿರುವಾಗ ದುಂಡಗೆ ಹಳದಿ ಸೂರ್ಯನನ್ನು ಬರೆದು ಕೂತಿದ್ದ.

"ಇದೇನೋ?" ಎಂದಳು.

"ನಿನ್ನೆ ಸೂರ್ಯ ಇತ್ತಲ್ವಾ ಮಿಸ್" ಎಂದ ಆತ, ಇದೂ ಒಂದು ಪ್ರಶ್ನೆಯೇ ಅನ್ನುವಂತೆ.

ಭಾನುಪ್ರಿಯಾ ಅವನ ಕೈ ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಹಿಂದೆಯೇ ಇಡೀ ತರಗತಿ ಬಂತು. ಅವತ್ತಿನಿಂದ ಆ ಮಕ್ಕಳು ಕೋಣೆಯೊಳಗೆ ಇದ್ದದ್ದಕ್ಕಿಂತ ಅಂಗಳದಲ್ಲಿ ಇದ್ದದ್ದೇ ಹೆಚ್ಚು. ಹಳೇ ಸೀರೆಯ ಅಂಚು ಹರಿದು ಬೇವಿನ ಕೊಂಬೆಗೆ ಕಟ್ಟಿದರು, ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಲು. ಮದುವೆ ಕಾಗದ ಕತ್ತರಿಸಿ ಗಿರಗಿಟ್ಟಲೆ ಮಾಡಿದರು. ಕರವಸ್ತ್ರ ಒದ್ದೆ ಮಾಡಿ ಬಿಸಿಲಲ್ಲೊಂದು, ನೆರಳಲ್ಲೊಂದು, ಫ್ಯಾನಿನ ಕೆಳಗೊಂದು ಹರವಿ, ಯಾವುದು ಮೊದಲು ಒಣಗುತ್ತದೆ ಎಂದು ಪಂದ್ಯ ಕಟ್ಟಿದರು. ಮೋಡ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ ಅಡುಗೆಮನೆಯ ಬಾಗಿಲಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿದಳು. ಬಿಸಿಯೂಟದ ತಿಮ್ಮಮ್ಮ ಹಾಲಿನ ಪುಡಿಗೆ ಕಾಯಿಸಿದ ನೀರಿನ ಪಾತ್ರೆಯ ತಟ್ಟೆ ಎತ್ತಿ ಓರೆ ಮಾಡಿ ಹಿಡಿದರು. ತಟ್ಟೆಯ ಅಡಿಯಲ್ಲಿ ಕೂಡಿದ ಹನಿಗಳು ಜಾರಿ ತೊಟತೊಟ ಉದುರಿದವು.

"ನೋಡ್ರಪ್ಪ, ನಮ್ ಅಡ್ಗೆಮನೇಲಿ ಮಳೆ ಉಯ್ತದೆ" ಎಂದು ತಿಮ್ಮಮ್ಮ ಹಿಗ್ಗಿಹೋದರು. ಒಲೆಯ ಮುಂದೆ ವರ್ಷಗಟ್ಟಲೆ ನಿಂತರೂ ಅವರ ತಟ್ಟೆಯನ್ನು ಯಾರೂ ಹೀಗೆ ಕಣ್ಣು ಬಾಯಿ ಬಿಟ್ಟು ನೋಡಿರಲಿಲ್ಲ. ಅಂದಿನಿಂದ ಭಾನುಪ್ರಿಯಾ ಅಂದರೆ ಅವರಿಗೆ ಹೆತ್ತ ಮಗಳಿಗಿಂತ ಹೆಚ್ಚು.

ಆಮೇಲೆ ಬಂದದ್ದು ಬಾಟಲಿ. ಒಂದು ಲೀಟರಿನ ನೀರಿನ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ಬೋರಲು ಹಾಕಿ ಆಲಿಕೆಯ ಹಾಗೆ ಕೂರಿಸಿ, ಗಾಳಿಗೆ ಉರುಳದಿರಲೆಂದು ಸುತ್ತ ಇಟ್ಟಿಗೆ ಜೋಡಿಸಿದರು. ಸೆಂಟಿಮೀಟರು, ಮಿಲಿಮೀಟರು ಎಂದರೆ ಒಂದನೇ ತರಗತಿಯವರು ಎಲ್ಲಿಗೆ ಹೋಗಬೇಕು? ಬೆರಳು ಅಡ್ಡ ಇಟ್ಟು ಅಳೆಯೋಣ ಎಂದಳು ಭಾನುಪ್ರಿಯಾ. ಒಂದು ಬೆರಳು ಮಳೆ, ಎರಡು ಬೆರಳು ಮಳೆ. ಯಾರ ಬೆರಳು ಎಂಬುದಕ್ಕೆ ಒಂದು ಸುತ್ತು ಕಿತ್ತಾಟವಾಗಿ, ಕೊನೆಗೆ ಒಂದನೇ ತರಗತಿಯ ಗಗನಳ ಬೆರಳು ಎಂದು ತೀರ್ಮಾನವಾಯಿತು. ಗಗನ ಮಾತು ಕಡಿಮೆಯ ಹುಡುಗಿ. ಅವಳ ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆರಳಿನ ತೀರ್ಮಾನವಾದ ಮೇಲೆ ಅವಳು ಬಲಗೈಯನ್ನು ಬಹಳ ಜೋಪಾನ ಮಾಡತೊಡಗಿದಳು.

ಬಾಟಲಿಯನ್ನು ಎಲ್ಲಿ ಇಡಬೇಕೆಂದು ಭಾನುಪ್ರಿಯಾ ಹೆಚ್ಚು ಯೋಚಿಸಲಿಲ್ಲ. ಎಲ್ಲರ ಕಣ್ಣಿಗೆ ಬೀಳಲೆಂದು ಶಾಲೆಯ ಮುಂಬಾಗಿಲ ನೇರಕ್ಕೆ, ದಿನಾ ಬೆಳಿಗ್ಗೆ ತಿಮ್ಮಮ್ಮ ನೀರು ಹಾಕಿ ರಂಗೋಲಿ ಬಿಡುವ ಜಾಗದ ಪಕ್ಕದಲ್ಲೇ ಇಟ್ಟಳು. ಬಾಯಿ ತೆರೆದ ಖಾಲಿ ಪಾತ್ರೆ ಬಾಗಿಲಿಗೆ ಎದುರಾಗಿ ನಿಂತರೆ ಒಳ್ಳೆಯದಲ್ಲ ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಬೆಟ್ಟಯ್ಯ ಬುದ್ಧನ ಪಟ ತಂದು ಗೋಡೆಗೆ ಹಾಕಿದ ದಿನವೇ ಶಕುನ, ಅಪಶಕುನಗಳನ್ನೆಲ್ಲ ಮನೆಯಿಂದ ಗುಡಿಸಿ ಹಾಕಿದ್ದ. ಆ ಮನೆಯಲ್ಲಿ ಬೆಳೆದವಳಿಗೆ ಖಾಲಿ ಬಾಟಲಿ ಖಾಲಿ ಬಾಟಲಿಯಾಗಿ ಮಾತ್ರ ಕಂಡಿತು.

ಬಾಟಲಿ ಇಟ್ಟ ವಾರದಲ್ಲೇ ಹೆಡ್‌ಮಾಸ್ಟರ್ ಚಿಕ್ಕಬಸವಯ್ಯ ಅವಳನ್ನು ಆಫೀಸಿಗೆ ಕರೆದರು. ಮೃದು ಮನುಷ್ಯ. ಕೆಟ್ಟ ಸುದ್ದಿ ಹೇಳಬೇಕಾದರೆ ಕನ್ನಡಕ ತೆಗೆದು ಒರೆಸುತ್ತಾರೆ. ಅವತ್ತು ಬಹಳ ಹೊತ್ತು ಒರೆಸಿದರು.

"ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ನಮ್ಮ ಶಾಲೆನ ಒಬ್ಬರು ತಗೊಂಡಿದ್ದಾರಂತೆ ಕಣಮ್ಮ. ವಾಗೀಶ ಅಂತ. ಹುಣಸೂರು ಕಡೆಯವರು."

ಭಾನುಪ್ರಿಯಾ ಮೇಜಿನ ಹತ್ತಿರಕ್ಕೆ ಬಂದಳು. "ಯಾವಾಗ ಬರ್ತಾರೆ ಸಾರ್?"

"ಅಲ್ಲಿಂದ ಬಿಡುಗಡೆ ಆಗ್ಬೇಕು. ಇವತ್ತೋ, ನಾಳೆಯೋ, ಆಷಾಢ ಕಳೆದ ಮೇಲೋ." ಅವರು ಕನ್ನಡಕ ಹಾಕಿಕೊಂಡರು. "ಆದ್ರೆ ಒಂದು ದಾರಿ ಇದೆ. ನಿಮ್ಮ ಈ ಗಾಳಿ, ಮಳೆ ಚಟುವಟಿಕೆ ಇದೆಯಲ್ಲ, ಕಲಿಕಾ ಹಬ್ಬಕ್ಕೆ ಇಂಥದೇ ಬೇಕು ಅಂತ ಮೇಲಿನವರು ಹುಡುಕ್ತಾ ಇದ್ದಾರೆ. ಮಕ್ಕಳು ಮಳೆ ಅಳೀತಾ ಇರೋ ಫೋಟೋ ಒಂದು ಕಳಿಸಿದ್ರೆ, ಈ ತರಗತೀನ ಇವರ ಕೈಲೇ ಬಿಡಿ, ಬರೋರನ್ನ ಬೇರೆ ಕಡೆ ಡೆಪ್ಯುಟೇಷನ್ ಹಾಕಿ ಅಂತ ನಾನು ಬಾಯಿಬಿಟ್ಟು ಕೇಳಬಹುದು. ಆಗುತ್ತೆ ಅಂತ ಹೇಳಲಾರೆ. ಕೇಳಬಹುದು."

ಅಷ್ಟು ಸಾಕಾಗಿತ್ತು ಅವಳಿಗೆ. ಅಂದಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಕೋಣೆಗೂ ಅಂಗಳಕ್ಕೂ ಓಡಾಡಲು ಶುರುಮಾಡಿದಳು. ಗೇಟಿನ ಬಳಿ ಬೈಕು ನಿಂತರೆ ವಾಗೀಶರೇ ಬಂದರೇನೋ ಎಂದು ಕತ್ತು ಚಾಚಿ ನೋಡುತ್ತಿದ್ದಳು. ಮೋಡ ಕವಿದರೆ ಚಾಕ್‌ಪೀಸ್ ಕೈಯಲ್ಲೇ ಹಿಡಿದು ಬಾಗಿಲಿಗೆ ಬರುತ್ತಿದ್ದಳು. ಗಾಳಿ ಆ ಮೋಡವನ್ನು ಎಳೆದುಕೊಂಡು ಹೋಗುತ್ತಿತ್ತು, ಬೇವಿನ ಕೊಂಬೆಯ ಸೀರೆ ಚಿಂದಿಗಳು ಪಟಪಟ ಬಡಿದುಕೊಂಡು ಗಾಳಿ ಪಡುವಣದ್ದು ಎಂದು ತೋರಿಸುತ್ತಲೇ ಇದ್ದವು. ಮನೆಯಲ್ಲಿ ಅನ್ನ ಬಡಿಸಿಕೊಂಡವಳು ತಟ್ಟೆ ಹಿಡಿದೇ ಮೆಟ್ಟಿಲ ಮೇಲೆ ನಿಂತು ಆಕಾಶ ನೋಡುತ್ತಿದ್ದಳು. "ಮಳೆ ಬಂದ್ರೆ ಅದೇ ಕೂಗಿ ಹೇಳತ್ತೆ, ಉಣ್ಣು ಬಾ" ಎಂದ ಪ್ರಸನ್ನನ ಮೇಲೆ ಕಾರಣವಿಲ್ಲದೆ ಹಾಯ್ದಳು.

ಮಕ್ಕಳಿಗೂ ಆ ತಳಮಳ ಅಂಟಿತು. ನಕ್ಷೆಯಲ್ಲಿ ಗಾಳಿ, ಮೋಡ, ಗಾಳಿ, ಮೋಡ. ನೀಲಿ ಬಳಪ ಯಾರೂ ಮುಟ್ಟದೆ ಚೂಪಾಗಿಯೇ ಉಳಿದಿತ್ತು. "ಮಿಸ್, ಮಳೆ ಇವತ್ತಾದ್ರೂ ಬರತ್ತಾ?" ಎಂದು ದಿನಾ ಕೇಳುತ್ತಿದ್ದರು. ಬರುತ್ತೆ ಎಂದು ದಿನಾ ಹೇಳಿ ಅವಳ ನಾಲಿಗೆಯೇ ಒಣಗಿತು. "ಆರಿದ್ರನೂ ಒಣಗೋಯ್ತು, ಪುನರ್ವಸೂನೂ ಇಂಗೇ ಓಯ್ತದೇನೋ" ಎಂದು ತಿಮ್ಮಮ್ಮ ಮಳೆ ನಕ್ಷತ್ರಗಳ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು.

ಒಂದು ಬೆಳಿಗ್ಗೆ ಬಸ್ಸು ತಡವಾಗಿ ಭಾನುಪ್ರಿಯಾ ಓಡುತ್ತಾ ಬಂದರೆ, ಶಾಲೆಯಲ್ಲಿ ಹಬ್ಬ. ಮಕ್ಕಳು ಬಾಟಲಿಯ ಸುತ್ತ ಕುಣಿಯುತ್ತಿದ್ದರು. ಗಗನ ಬಾಟಲಿಯ ಪಕ್ಕ ಮಂಡಿಯೂರಿ ಬೆರಳು ಅಡ್ಡ ಹಿಡಿದಿದ್ದಳು. ಹೆಡ್‌ಮಾಸ್ಟರು ಬಗ್ಗಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು.

"ಒಂದು ಬೆರಳು ಮಳೆ ಮಿಸ್!" ಎಂದು ಲಿಖಿತ್ ಕಿರುಚಿದ. "ರಾತ್ರಿ ಬಂದ್ಬುಟ್ಟಿದೆ!"

ಅವಳು ಮೊದಲು ನಕ್ಕಳು, ಗಗನಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದಳು. ಇಳಿಸಿದ ಮೇಲೆ ಕಣ್ಣು ನೆಲಕ್ಕೆ ಹೋಯಿತು. ರಂಗೋಲಿಯ ಸುತ್ತ ನೀರು ಚಿಮುಕಿಸಿದ್ದ ಜಾಗ ಬಿಟ್ಟರೆ ಅಂಗಳದ ತುಂಬ ಧೂಳು. ಬೇವಿನ ಎಲೆಗಳ ಮೇಲೂ ಧೂಳು. ಬಸ್ಸಿನ ಕಿಟಕಿಯಿಂದ ನೋಡಿದ ರಸ್ತೆಗಳೂ ಒಣಗಿ ಬೆಳ್ಳಗಿದ್ದದ್ದು ಆಗ ನೆನಪಾಯಿತು.

ಬಾಯಿ ತೆರೆಯುವುದರೊಳಗೆ ಹೆಡ್‌ಮಾಸ್ಟರು ಫೋಟೋವನ್ನು ಸುತ್ತಲ ಶಾಲೆಗಳ ವಾಟ್ಸಾಪ್ ಗುಂಪಿಗೆ ಹಾಕಿಯಾಗಿತ್ತು. ಚಪ್ಪಾಳೆಯ ಮೇಲೆ ಚಪ್ಪಾಳೆ ಬಂದವು. ಒಬ್ಬ ಮೇಷ್ಟರು ಮಾತ್ರ, ನಮ್ಮಲ್ಲಿ ಹನಿಯೂ ಇಲ್ಲವಲ್ಲ ಸಾರ್, ನಿಮ್ಮ ಮೇಲೆ ವರುಣದೇವನಿಗೆ ವಿಶೇಷ ಪ್ರೀತಿಯೋ ಎಂದು ಬರೆದಿದ್ದರು. ಮೇಲಿನವರಿಂದಲೂ "ತುಂಬಾ ಚೆನ್ನಾಗಿದೆ" ಎಂದು ಬಂತು. "ಇನ್ನೇನು, ಮಾತಾಡಿಬಿಡ್ತೀನಿ" ಎಂದು ಚಿಕ್ಕಬಸವಯ್ಯ ಅವಳ ಕಡೆ ನೋಡಿ ನಕ್ಕರು.

ಅವಳು ಸುಮ್ಮನಿದ್ದಳು. ಮಕ್ಕಳು ಓಡಿಹೋಗಿ ನಕ್ಷೆಯ ಮನೆಗೆ ನೀಲಿ ಬಳಿಯುವಾಗ ತಡೆಯಬೇಕೆಂದು ಎರಡು ಹೆಜ್ಜೆ ಇಟ್ಟು, ನಿಂತುಬಿಟ್ಟಳು. ಅಲ್ಲೆಲ್ಲೋ ಒಂದು ಮೋಡ ಬಂದು ಈ ಅಂಗಳದ ಮೇಲಷ್ಟೇ ಹನಿಸಿ ಹೋಗಿರಬಾರದೇಕೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದನ್ನು ತಾನೇ ನಂಬಲಿಲ್ಲ. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿದ್ದೂ ಗೊತ್ತಾಗದೆ, ಇಳಿದು, ಗಾಳಿಗೆ ಎದುರಾಗಿ ನಡೆದುಕೊಂಡೇ ವಾಪಸ್ಸು ಬಂದಳು. ಕೆಲಸ ಉಳಿಯಬೇಕು ಅನ್ನಿಸುತ್ತಿತ್ತು, ಬಹಳ ಅನ್ನಿಸುತ್ತಿತ್ತು. ಜೊತೆಗೆ ತನ್ನ ಮೇಲೆ ತನಗೇ ಹೇಸಿಗೆಯೂ ಆಗುತ್ತಿತ್ತು.

ಮಾರನೇ ಬೆಳಿಗ್ಗೆ ಬಾಟಲಿಯಲ್ಲಿ ಇನ್ನೂ ಒಂದು ಬೆರಳು ಏರಿತ್ತು, ನಕ್ಷೆಯಲ್ಲಿ ಇನ್ನೊಂದು ಮನೆಗೆ ನೀಲಿ ಬಿದ್ದಿತ್ತು. ಈ ಸಲ ಕುಣಿತದ ನಡುವೆ ಗಗನ ಬೆರಳು ಹಿಡಿಯದೆ ನಿಂತಿದ್ದಳು.

"ಯಾಕಮ್ಮ, ಅಳೀಲ್ವಾ?"

"ನಮ್ಮನೆ ಹತ್ರ ಮಳೆ ಬಂದೇ ಇಲ್ಲ ಮಿಸ್" ಎಂದಳು ಆ ಹುಡುಗಿ, ಮೆಲ್ಲಗೆ. "ಅಮ್ಮ ಬಟ್ಟೆ ಎಲ್ಲ ಹೊರಗೇ ಬಿಟ್ಬುಟ್ಟಿದ್ರು. ಒಣಗೇ ಇತ್ತು."

ಗಗನಳ ಮನೆ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡಂತೆಯೇ ಇದೆ. "ಮಳೆಗೆ ನಮ್ ಬಾಟ್ಲು ಅಂದ್ರೆ ಮಾತ್ರ ಇಷ್ಟ, ಅದಕ್ಕೇ" ಎಂದ ಲಿಖಿತ್. ಕೆಲವರು ಹೌದೆಂದು ತಲೆಯಾಡಿಸಿದರು. ಭಾನುಪ್ರಿಯಾಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ತನ್ನ ಕೆಲಸದ ಆಸೆಗೆ ಈ ಮಕ್ಕಳು ಇಂಥದನ್ನೆಲ್ಲ ನಂಬುವಂತಾಯಿತಲ್ಲ ಎನ್ನಿಸಿತು. ಆ ಆರು ವರ್ಷದ ಹುಡುಗಿ ಹೇಳಿದ್ದನ್ನು ನಿನ್ನೆಯೇ ತಾನು ಹೇಳಬೇಕಿತ್ತು.

"ಸರಿ, ಮಳೆ ಬಂದಿತ್ತೋ ಇಲ್ಲವೋ ಹೆಂಗೆ ಗೊತ್ತು ಮಾಡ್ಕೊಳೋದು? ಯಾರಾದ್ರೂ ಹೇಳಿ ನೋಡೋಣ" ಎಂದಳು.

ಮಣ್ಣು ಮುಟ್ಟಿ ನೋಡೋಣ ಎಂದರು. ಎಲೆ ಒರೆಸಿ ನೋಡೋಣ ಎಂದರು. ಇನ್ನೊಂದು ಬಾಟಲಿ ಇಟ್ಟರೆ ಅದರಲ್ಲೂ ಬರಬೇಕಲ್ಲವೇ ಎಂದು ಯಾರೋ ಕೇಳಿದರು. ಇನ್ನೆರಡು ಬಾಟಲಿ ತಯಾರಾದವು. ಒಂದು ಅಡುಗೆಮನೆಯ ಹಿಂದೆ, ಬೇವಿನ ಅಂಚಿನಲ್ಲಿ. ಇನ್ನೊಂದು ಯಾರ ಕೈಗೂ ಸಿಗದಂತೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ, ಎತ್ತರದಲ್ಲಿ. ಮುಂಬಾಗಿಲಿನದನ್ನು ಖಾಲಿ ಮಾಡಿ ಇಟ್ಟರು. ನಾಳೆ ಎಲ್ಲರೂ ಬೇಗ ಬನ್ನಿ ಎಂದಳು.

ಬೇಗ ಎಂದರೆ ಮಕ್ಕಳು ಕೋಳಿ ಕೂಗುವ ಹೊತ್ತಿಗೇ ಬಂದರೇನೋ. ಭಾನುಪ್ರಿಯಾ ಮೊದಲ ಬಸ್ಸು ಹಿಡಿದು ಬರುವಷ್ಟರಲ್ಲಿ ಕಾಂಪೌಂಡಿನ ಹಿಂದೆ ಸಾಲಾಗಿ ಬಗ್ಗಿ ಕೂತಿದ್ದರು. ಅಂಗಳದಲ್ಲಿ ತಿಮ್ಮಮ್ಮ ನೀರು ಚಿಮುಕಿಸಿ, ರಂಗೋಲಿ ಎಳೆದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಚೊಂಬಿನಲ್ಲಿ ಉಳಿದ ನೀರನ್ನು ಮುಂಬಾಗಿಲ ಬಾಟಲಿಗೆ ಸುರಿದು ಅದರ ಮುಂದೆ ಕೈ ಮುಗಿದರು.

"ಹೋ!" ಎಂದು ಮಕ್ಕಳೆಲ್ಲ ಒಟ್ಟಿಗೆ ಎದ್ದರು. "ತಿಮ್ಮಮ್ಮಜ್ಜಿ ಮೋಸ! ತಿಮ್ಮಮ್ಮಜ್ಜಿ ಮೋಸ!"

ಪಾಪ, ಆ ಹೆಂಗಸು ಬೆಚ್ಚಿ ಚೊಂಬು ಕೈಬಿಟ್ಟರು. ಭಾನುಪ್ರಿಯಾ ಓಡಿಹೋಗಿ ಅವರ ಭುಜ ಹಿಡಿದು, "ಸುಮ್ನಿರ್ರೋ!" ಎಂದು ಮಕ್ಕಳನ್ನು ಗದರಿದಳು.

"ಮೋಸ ಅಲ್ಲ ಕಣವ್ವ" ಎಂದರು ತಿಮ್ಮಮ್ಮ. "ಖಾಲಿ ಪಾತ್ರೆ ಬಾಗ್ಲಿಗೆ ಎದ್ರಾಗಿ ಮಡಗ್ಬುಟ್ಟಿದ್ದೀರಿ. ನೀವು ದಿನಾ ಅದರ ಮುಂದೇನೇ ಒಳಿಕ್ಕೆ ಬತ್ತೀರಿ, ಓಯ್ತೀರಿ. ಅಂಗಿದ್ರೆ ಇಡಿದ ಕೆಲ್ಸ ನಿಂತದಾ? ಆ ಹೊಸ ಮೇಷ್ಟ್ರು ಬತ್ತರೆ, ನೀವು ಓಯ್ತೀರಿ ಅಂತ ಕೇಳ್ದೆ. ಒಂದ್ ತೊಟ್ಟು ನೀರಿದ್ರೆ ತುಂಬಿದ್ ಕೊಡ ಇದ್ದಂಗೆ ಅಂತ ಆಕ್ದೆ. ನೀವು ಇಲ್ಲೇ ಇರ್ಲಿ ಅಂತ."

ಭಾನುಪ್ರಿಯಾಳ ಕಣ್ಣು ತುಂಬಿಬಂತು. ಅಮ್ಮ ತೀರಿಕೊಂಡ ಮೇಲೆ ಅವಳ ಒಳ್ಳೆಯದಕ್ಕೆಂದು ಹೀಗೆ ಬೆಳಗಾಗೆದ್ದು ಯಾರೂ ಏನೂ ಮಾಡಿರಲಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡು, "ಅಜ್ಜಿ ಮೋಸ ಮಾಡಿದ್ದಲ್ಲ, ನನ್ನ ಮೇಲಿನ ಪ್ರೀತಿಗೆ ಹಾಕಿದ್ರು" ಎಂದಳು. ಹೇಳದೆ ಬಿಟ್ಟುಬಿಡಬಹುದಾಗಿದ್ದ ಮಾತನ್ನೂ ಹೇಳಿದಳು: "ಅದು ಮಳೆ ಅಲ್ಲ ಅಂತ ನನಗೆ ಮೊನ್ನೆಯೇ ಅನುಮಾನ ಬಂದಿತ್ತು. ಆದ್ರೂ ನಾನು ಹೇಳಲಿಲ್ಲ."

ಮಕ್ಕಳು ಅವಳನ್ನೇ ನೋಡಿದರು. "ಮತ್ತೆ ನಾವು ಬಳಿದ ನೀಲಿ?" ಎಂದಳು ಗಗನ.

ಲಿಖಿತ್ ಬಾಟಲಿಯ ನೀರು ಚೆಲ್ಲಿ, ಒಳಗೆ ಹೋಗಿ ಆ ಎರಡು ಮನೆಗಳ ಮೇಲೆ ಬಿಳಿ ಕಾಗದದ ಚೂರು ಅಂಟಿಸಿ ಬಂದ. ಅಂಗಳದಲ್ಲಿ ಆಗಲೂ ಗಾಳಿ ಬೀಸುತ್ತಲೇ ಇತ್ತು.

ಹೆಡ್‌ಮಾಸ್ಟರಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವರು ಕನ್ನಡಕ ತೆಗೆಯಲೂ ಮರೆತರು. "ಎರಡು ದಿನದ ವಿಷಯ, ಯಾರಿಗೆ ಗೊತ್ತಾಗುತ್ತೆ? ಮೇಲಿನವರ ಹತ್ತಿರ ಮಾತಾಡಿದ್ದೀನಿ, ನೋಡೋಣ ಅಂದಿದ್ದಾರೆ. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೋತಿದ್ದೀರಲ್ಲಮ್ಮ."

"ಮಕ್ಕಳಿಗೆ ಗೊತ್ತಾಗಿದೆ ಸಾರ್" ಎಂದಳು. "ಇನ್ನು ಆ ಫೋಟೋ ಅಲ್ಲಿರಬಾರದು."

ಅವರು ಮೊಬೈಲು ಎತ್ತಿಕೊಂಡು ಗುಂಪಿನಲ್ಲಿ ಬರೆದರು: ನಮ್ಮ ಶಾಲೆಯ ಬಾಟಲಿಯಲ್ಲಿದ್ದದ್ದು ಮಳೆ ನೀರಲ್ಲ, ಅಂಗಳಕ್ಕೆ ಹಾಕಿದ ನೀರು, ಕ್ಷಮಿಸಿ. ನಗುವ ಮುಖಗಳು ಬಂದವು. ಡೆಪ್ಯುಟೇಷನ್ ಮಾತು ಅಲ್ಲಿಗೇ ನಿಂತಿತು. ಇದರಿಂದಲೇ ನಿಂತಿತೋ, ಹೇಗೂ ಆಗುತ್ತಿರಲಿಲ್ಲವೋ, ಅವಳಿಗೆ ಗೊತ್ತಾಗಲೇ ಇಲ್ಲ. ಮುಂದಿನ ವಾರ ವಾಗೀಶ ಬರುತ್ತಾರೆ ಎಂಬುದು ಮಾತ್ರ ಗೊತ್ತಾಯಿತು.

ಉಳಿದ ದಿನಗಳಲ್ಲಿ ಅವಳು ಮೊದಲಿಗಿಂತ ಹೆಚ್ಚು ಚಡಪಡಿಸಿದಳು. ಕೆಲಸ ಹೋಗುವುದು ಖಚಿತವಾಗಿತ್ತು. ಆ ಮೂರು ಬಾಟಲಿಗಳಿಗೆ ಒಮ್ಮೆ ನಿಜವಾದ ಮಳೆ ಬಿದ್ದು, ತಾನು ಅಲ್ಲಿ ನಿಂತು ಅದನ್ನು ನೋಡಿದರೆ ಸಾಕು ಎನ್ನಿಸುತ್ತಿತ್ತು. ಮಕ್ಕಳಿಗೆ ತಾನು ಮೋಸ ಮಾಡಿದ ಮಿಸ್ಸಾಗಿ ಉಳಿಯಬಾರದು. ಬೇರೇನೂ ಬೇಡ. ಮೋಡ ಬರುತ್ತಿತ್ತು, ಹೋಗುತ್ತಿತ್ತು.

ವಾಗೀಶ ಬಂದ ದಿನವೂ ಬೆಳಗಿನಿಂದ ಮೋಡ. ತಲೆಗೂದಲು ಪೂರ ನೆರೆತ, ಎತ್ತರದ, ಇಸ್ತ್ರಿ ಹಾಕಿದ ಬಿಳಿ ಅಂಗಿಯ ಮನುಷ್ಯ. ಬೈಯೋಣವೆಂದರೂ ಬೈಯಲು ಏನೂ ಸಿಗಲಿಲ್ಲ. "ನಿಮ್ಮ ಬಗ್ಗೆ ಕೇಳಿದ್ದೆ ಮೇಡಂ. ನನ್ನಿಂದ ನಿಮಗೆ ತೊಂದರೆ ಆಯ್ತು. ಯಜಮಾನ್ರ ತಾಯಿಗೆ ಹುಷಾರಿಲ್ಲ, ಆಸ್ಪತ್ರೆ ಇಲ್ಲದ ಊರಲ್ಲಿ ಒಬ್ಬಳೇ ನೋಡ್ಕೊಳಕ್ಕಾಗಲ್ಲ ಅಂತ ನನ್ನ ಹೆಂಡ್ತಿ ಅತ್ತುಬಿಟ್ಟಳು, ಅದಕ್ಕೇ ಸಿಟಿಗೆ ಕೇಳ್ಕೊಂಡೆ" ಎಂದು ಗಡಿಬಿಡಿಯಲ್ಲಿ ಹೆಂಡತಿಯ ಮಾತಿನಲ್ಲೇ ತಮ್ಮನ್ನು ಯಜಮಾನರೆಂದು ಕರೆದುಕೊಂಡರು. ಅವಳಿಗೆ ನಗು ಬಂತು. ದ್ವೇಷಿಸಲೂ ಬಿಡದ ಈ ಮನುಷ್ಯನ ಮೇಲೆ ಸಿಟ್ಟೂ ಬಂತು.

ಹೆಡ್‌ಮಾಸ್ಟರು ಬಿಡುಗಡೆಯ ಕಾಗದ ಮುಂದಿಟ್ಟರು. ಭಾನುಪ್ರಿಯಾ ಪೆನ್ನು ಎತ್ತಿಕೊಂಡದ್ದೇ ತಡ, ಜಗಲಿಯ ತಗಡಿನ ಮೇಲೆ ಯಾರೋ ಹಿಡಿ ಕಲ್ಲು ಎಸೆದ ಹಾಗೆ ಸದ್ದಾಯಿತು. ಮತ್ತೆ ಒಂದು ಹಿಡಿ. ಆಮೇಲೆ ಬಿಡದೆ ಧೋ ಎಂದು ಸುರಿಯತೊಡಗಿತು.

ಅವಳು ಪೆನ್ನು ಬಿಸಾಕಿ ಅಂಗಳಕ್ಕೆ ಓಡಿದಳು. ಮಕ್ಕಳು ಜಗಲಿಯಲ್ಲಿ ಒತ್ತೊತ್ತಾಗಿ ನಿಂತು ಕೂಗುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ತಿಮ್ಮಮ್ಮ ಸೌಟು ಹಿಡಿದೇ ನಿಂತಿದ್ದರು. ಸೀರೆ ನೆನೆದು ಮೈಗೆ ಅಂಟಿದರೂ ಅವಳಿಗೆ ಗೊತ್ತಾಗಲಿಲ್ಲ. ಇಷ್ಟು ದಿನ ಎದೆಯ ಮೇಲೆ ಕೂತಿದ್ದುದೆಲ್ಲ ಆ ನೀರಿನ ಜೊತೆ ಇಳಿದು ಹೋದಂತಾಯಿತು. ಮಳೆ ಬಂದಷ್ಟೇ ಬೇಗ ನಿಂತೂಬಿಟ್ಟಿತು. ಮಕ್ಕಳು ಕೆಸರಿಗೆ ಹಾರಿದರು. ಅವಳು ಮುಂಬಾಗಿಲಿನ ಬಾಟಲಿಯ ಮುಂದೆ ಕೂತು ಬೆರಳು ಅಡ್ಡ ಹಿಡಿದು ನೋಡಿ ಕೂಗಿದಳು:

"ಬನ್ರೋ, ಬನ್ನಿ! ಎರಡು ಬೆರಳು ಮಳೆ! ನಿಜವಾದ ಮಳೆ!"

ಗಗನ ಬಂದು ಬಗ್ಗಿ ನೋಡಿದಳು. ಅಡುಗೆಮನೆ ಕಡೆ ತಿರುಗಿ, "ತಿಮ್ಮಮ್ಮಜ್ಜಿ, ನೀವೇನಾದ್ರೂ ಹಾಕಿದ್ರಾ?" ಎಂದು ಕೇಳಿದಳು.

"ಅಯ್ಯೋ ನನ್ ಕಂದ, ಇಲ್ಲ ಕಣವ್ವ!" ಎಂದರು ತಿಮ್ಮಮ್ಮ.

"ಈಗ ಮಳೆ ಬಂದಿದ್ದು ನೀನೇ ನೋಡಿದೆಯಲ್ಲಮ್ಮ" ಎಂದಳು ಭಾನುಪ್ರಿಯಾ ನಗುತ್ತಾ. "ನಾನು ಹೇಳ್ತಾ ಇದ್ದೀನಲ್ಲ, ಎರಡು ಬೆರಳು."

"ನೀವು ಹೇಳಿದ್ರೆ ಆಗಲ್ಲ ಮಿಸ್" ಎಂದಳು ಗಗನ. ಸಿಟ್ಟಿನಿಂದಲ್ಲ, ಗೊತ್ತಿರುವ ಒಂದು ಸಂಗತಿಯನ್ನು ಹೇಳುವ ಹಾಗೆ. "ಮೂರೂ ನೋಡ್ಬೇಕು."

ಇಡೀ ದಂಡು ಅವಳನ್ನು ದಾಟಿಕೊಂಡು ಅಡುಗೆಮನೆಯ ಹಿಂದಕ್ಕೆ ಓಡಿತು. ಅಲ್ಲಿ ಒಂದೂವರೆ ಬೆರಳು. ಯಾಕೆ ಕಡಿಮೆ ಎಂದು ಜಗಳ ಹತ್ತಿತು. ಬೇವಿನ ಕೊಂಬೆ ಅಡ್ಡ ಬಂದಿದೆ ಎಂದು ಲಿಖಿತ್ ಮೇಲೆ ಬೆರಳು ಮಾಡಿ ತೋರಿಸಿದ. ಅಲ್ಲಿಂದ ತೊಟ್ಟಿಯ ಕಟ್ಟೆಗೆ ಓಡಿದರು. ಭಾನುಪ್ರಿಯಾ ಎದ್ದು ಹಿಂದೆ ಹೋಗಬೇಕೆಂದುಕೊಂಡಳು, ಹೋಗಲಿಲ್ಲ. ತಾನು ಬೇಕೆಂದು ಬಯಸಿದ್ದು ಇದನ್ನೇ, ಇದಕ್ಕೇ ಇಷ್ಟು ದಿನ ಒದ್ದಾಡಿದ್ದು. ಹೆಮ್ಮೆಯಿಂದ ಎದೆ ಉಬ್ಬಿ ಬಂತು, ಅದೇ ಹೊತ್ತಿಗೆ ಹೊಟ್ಟೆಯೂ ಉರಿಯಿತು.

ಕಟ್ಟೆ ಎತ್ತರ. ಮಕ್ಕಳು ಹಾರಿದರು, ನಿಲುಕಲಿಲ್ಲ. ಒಂದು ಗಳಿಗೆ ಎಲ್ಲರೂ ಸುತ್ತ ನೋಡಿದರು. ಭಾನುಪ್ರಿಯಾ ಒಂದು ಹೆಜ್ಜೆ ಮುಂದಿಟ್ಟಳು.

"ಸಾರ್!" ಎಂದು ಲಿಖಿತ್ ಜಗಲಿಯಲ್ಲಿ ನಿಂತಿದ್ದ ಹೊಸ ಮೇಷ್ಟರನ್ನು ಕೂಗಿದ. "ನೀವು ಉದ್ದ ಇದ್ದೀರಿ. ಇವಳನ್ನ ಸ್ವಲ್ಪ ಎತ್ಕೊಳಿ ಸಾರ್!"

ವಾಗೀಶ ಒಮ್ಮೆ ಭಾನುಪ್ರಿಯಾಳ ಕಡೆ ನೋಡಿದರು. ಅವಳು ತಲೆಯಾಡಿಸಿದಳು. ಅವರು ಪ್ಯಾಂಟಿನ ಅಂಚು ಮಡಚಿ, ಕೆಸರಿನಲ್ಲಿ ಇಳಿದು ಹೋಗಿ ಗಗನಳನ್ನು ಎತ್ತಿ ಹಿಡಿದರು. ಆ ಹುಡುಗಿಯ ಒದ್ದೆ ಕಾಲು ಅವರ ಬಿಳಿ ಅಂಗಿಯ ಮೇಲೆ ಕೆಸರು ಬಳಿಯಿತು. ಅವರು ಅದನ್ನು ನೋಡಿಕೊಳ್ಳಲೂ ಇಲ್ಲ, "ಸರಿಯಾಗಿ ನೋಡಮ್ಮ, ಅವಸರ ಮಾಡ್ಬೇಡ" ಎಂದರು.

ಭಾನುಪ್ರಿಯಾ ಒಳಗೆ ಹೋದಳು. ಸೆರಗು ಹಿಂಡಿ, ಕೈ ಒರೆಸಿಕೊಂಡು, ಕಾಗದದ ಮೇಲೆ ನೀರು ಬೀಳದ ಹಾಗೆ ಸಹಿ ಹಾಕಿದಳು. ಚಿಕ್ಕಬಸವಯ್ಯ ಕಾಗದವನ್ನು ಕಡತಕ್ಕೆ ಸೇರಿಸಿದರು. "ಇಲ್ಲೂ ಎರಡು ಬೆರಳು!" ಎಂದು ಗಗನ ಜೋರಾಗಿ ಕೂಗಿದ್ದು ಕಿಟಕಿಯಿಂದ ಕೇಳಿಸಿತು. ಆ ಹುಡುಗಿ ಅಷ್ಟು ಜೋರಾಗಿ ಮಾತಾಡಿದ್ದನ್ನು ಭಾನುಪ್ರಿಯಾ ಕೇಳಿದ್ದು ಅದೇ ಮೊದಲು. ಆದರೆ ಅದನ್ನು ಹೇಳಿದ್ದು ಅವಳಿಗಲ್ಲ.